ಕಂದಕದೊಳಗಿನ ಕಾಲು

ಗದ್ದೆಯಲ್ಲಿ ನಾಟಿ ಮಾಡುವವರ ಬೆರಳಸಂದಿಗೆ ಬರುವ ಕೆಸರುಹುಣ್ಣು ನಮಗೆಲ್ಲ ಗೊತ್ತು. ಮೊದಲ ಮಹಾಯುದ್ಧದ ‘ಟ್ರೆಂಚ್ ಫುಟ್’ ಬಗ್ಗೆ ಓದಿದವರಲ್ಲಿ ಬಹಳ ಮಂದಿ ಅದೂ ಇದೇ ಎಂದುಕೊಂಡುಬಿಡುತ್ತಾರೆ. ಸೈನಿಕರು ದಿನಗಟ್ಟಲೆ ಟ್ರೆಂಚ್‌ಗಳ, ಅಂದರೆ ಕಂದಕಗಳ, ಕೆಸರಲ್ಲಿ ನಿಂತರು, ಕಾಲು ಕೊಳೆಯಿತು, ಅಷ್ಟೇ ಎಂದು. ಇನ್ನು ಕೆಲವರು ಅದನ್ನು ಹಿಮಗಡಿತ ಎನ್ನುತ್ತಾರೆ. ಎರಡೂ ತಪ್ಪು. ಕೆಸರುಹುಣ್ಣು ನೆನೆದು ಬಿರಿದ ಚರ್ಮಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಹತ್ತಿ ಆಗುವಂಥದ್ದು. ಹಿಮಗಡಿತದಲ್ಲಿ ಅಂಗಾಂಶದೊಳಗಿನ ನೀರೇ ಹೆಪ್ಪುಗಟ್ಟಿ ಹರಳಾಗುತ್ತದೆ. ಟ್ರೆಂಚ್ ಫುಟ್‌ನಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. 0ಯಿಂದ 15 ಡಿಗ್ರಿ ಸೆಲ್ಸಿಯಸ್ ನಡುವಿನ ತಣ್ಣನೆಯ ತೇವ, ಒಂದೆರಡು ದಿನದ ನಿಲುವು, ಇಷ್ಟು ಸಾಕು. ಸೋಂಕು ಬಂದರೂ ಕೊನೆಗೆ ಬರುತ್ತದೆ. ಮೊದಲು ಕೆಡುವುದು ರಕ್ತದ ಸರಬರಾಜು, ಅದರ ಬೆನ್ನಿಗೇ ನರ.

ಕಾಲುವೆ ನೀರಾವರಿ ಇರುವ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಜಲಾಶಯದಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ನಾಲೆಯ ಕೊನೆಯಂಚಿನ ಜಮೀನು. ಮೇಲ್ಭಾಗದ ತೂಬುಗಳಿಗೆ ನೀರು ಸಿಕ್ಕ ಮೇಲೆ ಉಳಿದರಷ್ಟೇ ಅಲ್ಲಿಗೆ. ನಮ್ಮ ದೇಹದಲ್ಲಿ ಪಾದವೇ ಆ ಕೊನೆಯಂಚು. ದೇಹಕ್ಕೆ ಕಾಪಾಡಬೇಕಾದ್ದು ಮೆದುಳು, ಹೃದಯ, ಯಕೃತ್ತುಗಳ 37 ಡಿಗ್ರಿ ಬಿಸಿಯನ್ನು. ಪಾದ ತಣ್ಣಗಾಯಿತೆಂಬ ಸುದ್ದಿ ಹೋದ ಕೂಡಲೇ ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆಯ ಸ್ನಾಯುಗಳು ಬಿಗಿಯುತ್ತವೆ, ತೂಬು ಮುಚ್ಚುತ್ತದೆ. ಅರ್ಧ ಗಂಟೆಯ ಮಟ್ಟಿಗೆ ಇದು ಜಾಣತನ. ಎರಡು ದಿನ ಹೀಗೇ ಮುಚ್ಚಿದ್ದರೆ ಬೆಳೆ ಒಣಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ, ನೆನೆದ ಕಾಲುಚೀಲದೊಳಗಿನ ಪಾದ ಎಷ್ಟು ಬಿಸಿ ತಂದರೂ ಅದು ಸೋರಿಹೋಗುತ್ತಲೇ ಇರುತ್ತದೆ.

ತೂಬು ಪೂರ್ತಿ ಮುಚ್ಚೇ ಇರುವುದಿಲ್ಲ ಎಂಬುದು ಇನ್ನೂ ಸೊಗಸಾದ ಸಂಗತಿ. ಬೆರಳನ್ನು ಐಸು ನೀರಿನಲ್ಲಿಟ್ಟರೆ ಐದು ಹತ್ತು ನಿಮಿಷದಲ್ಲಿ ರಕ್ತನಾಳಗಳು ತಾವಾಗಿ ತೆರೆದು ಒಂದಿಷ್ಟು ಬಿಸಿ ರಕ್ತ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ಥಾಮಸ್ ಲೂಯಿಸ್ ಇದನ್ನು 1930ರಲ್ಲಿ ವಿವರಿಸಿದರು. ನಾಲೆಗೆ ಸರದಿಯ ಮೇಲೆ ನೀರು ಬಿಡುವ ಹಾಗೆ ಇದು. ಆದರೆ ಜಲಾಶಯವೇ ಬರಿದಾದಾಗ, ಅಂದರೆ ಮೈಯೇ ತಣ್ಣಗಾಗಿ ದಣಿದಾಗ, ಈ ಸರದಿಯೂ ಕುಂದುತ್ತದೆ. ನಿದ್ದೆಗೆಟ್ಟು, ಹಸಿದು, ಒದ್ದೆ ಕೋಟಿನಲ್ಲಿ ಕುಳಿತವನ ಸ್ಥಿತಿ ಇದೇ.

ಇನ್ನು ರಕ್ತ ವಾಪಸಾಗುವ ದಾರಿ. ಪಾದಕ್ಕೆ ಇಳಿದ ರಕ್ತವನ್ನು ಮೇಲೆತ್ತುವುದು ಮೀನಖಂಡದ ಸ್ನಾಯು. ಬೋರ್‌ವೆಲ್ಲಿನ ಕೈಪಂಪು ಒತ್ತಿದಾಗಲೆಲ್ಲ ಒಂದಷ್ಟು ನೀರು ಮೇಲೇರುವಂತೆ, ಒಂದೊಂದು ಹೆಜ್ಜೆಗೂ ಸಿರೆಯ ರಕ್ತ ಮೇಲೇರುತ್ತದೆ, ಕವಾಟಗಳು ಅದನ್ನು ಕೆಳಗಿಳಿಯದಂತೆ ತಡೆಯುತ್ತವೆ. ನಡೆಯದೆ ನಿಂತವನ ಪಂಪು ನಿಂತಂತೆ. ರಕ್ತದ ದ್ರವ ಅಂಗಾಂಶಕ್ಕೆ ಜಿನುಗಿ ಕಾಲು ಊದುತ್ತದೆ. ಊದಿದ ಕಾಲನ್ನು ಬಿಗಿದ ಬೂಟು ಹಿಂಡುತ್ತದೆ. ಅದರ ಮೇಲೆ ಪಟ್ಟಿ. ಭಾರತದಿಂದಲೇ ಬ್ರಿಟಿಷ್ ಸೈನ್ಯಕ್ಕೆ ಹೋದ ಉಡುಪಿದು. ಕಣಕಾಲಿನಿಂದ ಮಂಡಿಯವರೆಗೆ ಸುತ್ತುವ ಈ ಉಣ್ಣೆ ಬಟ್ಟೆ ನೆನೆದರೆ, ರಕ್ತಸ್ರಾವ ತಡೆಯಲು ಕಟ್ಟುವ ಕಟ್ಟಿನ ಹಾಗೆ ಬಿಗಿಯುತ್ತದೆ. ಚಳಿ ಎಂದು ಎರಡು ಜೊತೆ ಕಾಲುಚೀಲ ತುರುಕಿಕೊಂಡವರಿಗೆ ಇನ್ನೂ ಕಷ್ಟ. ಬೂಟು ಒಂದು ಅಳತೆ ದೊಡ್ಡದಿದ್ದರೆ ಮಾತ್ರ ಎರಡನೆಯ ಜೊತೆಯಿಂದ ಉಪಯೋಗ.

ಈಗ ಬೆಲ್ಜಿಯಂ ಕಡೆಯ ರಣರಂಗ ಫ್ಲಾಂಡರ್ಸ್‌ಗೆ ಬನ್ನಿ. ಅಲ್ಲಿ ಜೇಡಿಮಣ್ಣು, ಒಂದೆರಡು ಅಡಿ ತೋಡಿದರೆ ನೀರು. ಹೊಲದ ನೀರು ಬಸಿಯುತ್ತಿದ್ದ ಚರಂಡಿಗಳನ್ನು ಶೆಲ್ಲುಗಳು ಒಡೆದುಹಾಕಿದ್ದವು. ಬ್ರಿಟಿಷ್ ಕಾಲಾಳು ಬೆಟಾಲಿಯನ್ ಎಂದರೆ ಲೆಕ್ಕದಲ್ಲಿ ಸುಮಾರು 1,000 ಜನ, 2,000 ಪಾದ. 1914ರ ಶರತ್ಕಾಲದಲ್ಲಿ ಭಾರತದ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳ ಸೈನಿಕರೂ ಇದೇ ರಣರಂಗಕ್ಕೆ ಬಂದರು, ಹಲವರು ಬೇಸಿಗೆಯ ಹತ್ತಿ ಉಡುಪಿನಲ್ಲೇ. ಆ ಮೊದಲ ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯದ ಸುಮಾರು 20,000 ಮಂದಿಗೆ ಕಾಲು ಕೆಟ್ಟಿತು.

ದಿನಚರಿ ನೋಡಿದರೆ ಕಾರಣ ಕಾಣುತ್ತದೆ. ಬೆಳಗಾಗುವ ಒಂದು ಗಂಟೆ ಮೊದಲು ಎಲ್ಲರೂ ಬಂದೂಕು ಹಿಡಿದು ಸಾಲಾಗಿ ನಿಲ್ಲಬೇಕು, ಮುಸ್ಸಂಜೆಗೆ ಮತ್ತೆ. ಕೆಲಸವೆಲ್ಲ ರಾತ್ರಿ: ತಂತಿಬೇಲಿ ಕಟ್ಟುವುದು, ಕುಸಿದ ಗೋಡೆ ಎತ್ತುವುದು, ಗೋಣಿಚೀಲದಲ್ಲಿ ಆಹಾರ, ಪೆಟ್ರೋಲ್ ಡಬ್ಬಿಯಲ್ಲಿ ನೀರು ಹೊತ್ತು ತರುವುದು. ಹಗಲಲ್ಲಿ ತಲೆ ಎತ್ತಿದರೆ ಗುಂಡು. ಹಾಗಾಗಿ ಹಗಲಿಡೀ ಮುದುಡಿ ಕೂರುವುದು, ಕಾಲು ನೀರಿನಲ್ಲಿ, ಪಂಪು ನಿಂತು. ಮದ್ದುಗುಂಡಿಗಿಂತ ಹೆಚ್ಚು ಅಪಾಯ ಈ ಕದಲದೆ ಕೂರುವುದರಲ್ಲಿತ್ತು ಎನ್ನಲಾರೆ. ಆದರೆ ಯಾವ ಬೆಟಾಲಿಯನ್ ಇದನ್ನು ಕಡೆಗಣಿಸಿತೋ ಅದು ಶತ್ರುವಿನ ಒಂದು ಗುಂಡೂ ಹಾರದ ವಾರದಲ್ಲೂ ಜನರನ್ನು ಕಳೆದುಕೊಳ್ಳುತ್ತಿತ್ತು.

ಪರಿಹಾರ ಬಂದದ್ದು ಔಷಧದಿಂದಲ್ಲ, ದಿನಚರಿಯ ಬದಲಾವಣೆಯಿಂದ. 24 ಗಂಟೆಗೆ ಒಮ್ಮೆಯಾದರೂ ಬೂಟು, ಪಟ್ಟಿ, ಕಾಲುಚೀಲ ಬಿಚ್ಚಬೇಕು. ಶತ್ರು ಎದುರಿರುವಾಗ ಎಲ್ಲರೂ ಒಟ್ಟಿಗೆ ಬಿಚ್ಚುವಂತಿಲ್ಲ, ಸರದಿಯ ಮೇಲೆ. ಪಾದ ಒರೆಸಿ, ತಿಮಿಂಗಿಲದ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಬೇಕು. ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರ ಕಾಲನ್ನು ಇನ್ನೊಬ್ಬರಿಂದ ತಿಕ್ಕಿಸುತ್ತಿದ್ದರು, ದಣಿದವನು ತನ್ನ ಕಾಲನ್ನು ಮರೆಯಬಾರದೆಂದು. ಒಣ ಕಾಲುಚೀಲ ಹಾಕಿ, ಬೂಟಿನ ದಾರ ಸಡಿಲ ಕಟ್ಟಬೇಕು. ಅಧಿಕಾರಿ ನಿಂತು ನೋಡಬೇಕು. ಪ್ರತಿರಾತ್ರಿ ಊಟದ ಜೊತೆ ಒಣ ಕಾಲುಚೀಲ ಮುಂಚೂಣಿಗೆ ಬರುತ್ತಿತ್ತು, ಒದ್ದೆಯವು ಒಣಗಲು ಹಿಂದಕ್ಕೆ ಹೋಗುತ್ತಿದ್ದವು. ಬಾರದ ದಿನ ಒದ್ದೆ ಜೊತೆಯನ್ನು ಅಂಗಿಯೊಳಗೆ ಎದೆಗೆ ಒತ್ತಿ ಒಣಗಿಸುವುದೊಂದೇ ದಾರಿ. ನೆಲಕ್ಕೆ ಮರದ ಪಟ್ಟಿಗಳ ಹಾಸು ಬಂತು. ತೊಡೆಯವರೆಗಿನ ರಬ್ಬರ್ ಬೂಟೂ ಬಂತು. ಆದರೆ ಅದರ ಬಾಯಿಯಿಂದ ಒಮ್ಮೆ ನೀರು ಒಳಬಂದರೆ ಹೊರಹೋಗದು, ಒಳಗಿನ ಬೆವರೂ ಆರದು, ಜೇಡಿ ಅದನ್ನು ಕಾಲಿನಿಂದಲೇ ಕಿತ್ತುಕೊಳ್ಳುತ್ತಿತ್ತು.

ಎಣ್ಣೆ ನೀರನ್ನು ತಡೆಯುತ್ತದೆಂದು ಹಚ್ಚುತ್ತಿದ್ದರು. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಎಣ್ಣೆಗಿಂತ ತಿಕ್ಕಾಟ, ಬೂಟು ಬಿಚ್ಚಿದ ಆ ಹತ್ತು ನಿಮಿಷ, ಒಣ ಉಣ್ಣೆ. ಫ್ರಾನ್ಸಿನ ರೇಮಂಡ್ ಮತ್ತು ಪಾರಿಸೋ ಎಂಬ ವೈದ್ಯರು ಇದು ಬೂಷ್ಟಿನ ರೋಗವೆಂದು ವಾದಿಸಿ ಕರ್ಪೂರ, ಬೋರಾಕ್ಸ್ ಬೆರೆತ ಸಾಬೂನಿನಲ್ಲಿ ತೊಳೆಯಲು ಹೇಳಿದರು. ಹಾಗೆ ತೊಳೆದ ಕಡೆಯೂ ರೋಗ ಇಳಿದದ್ದುಂಟು, ತೊಳೆಯಬೇಕಾದರೆ ಬೂಟು ಬಿಚ್ಚಲೇಬೇಕಲ್ಲ! ಕಾರಣ ತಪ್ಪಾಗಿ ಹಿಡಿದರೂ ಫಲ ಸರಿಬರುವ ಇಂಥ ಪ್ರಸಂಗಗಳೇ ತಪ್ಪು ನಂಬಿಕೆಗಳನ್ನು ಗಟ್ಟಿ ಮಾಡುವುದು.

ರಮ್ ಮೈ ಬೆಚ್ಚಗಿಡುತ್ತದೆ ಎಂಬುದು ಇನ್ನೊಂದು. ಸೈನ್ಯ ಹಂಚುತ್ತಿದ್ದದ್ದು ಒಂದು ಗ್ಯಾಲನ್ ಜಾಡಿ 64 ಜನಕ್ಕೆ, ತಲೆಗೆ 70 ಮಿಲಿಲೀಟರ್ ಆಸುಪಾಸು. ಮದ್ಯ ಚರ್ಮದ ತೂಬು ತೆರೆಯುತ್ತದೆ, ಬೆಚ್ಚಗಾದಂತೆ ಅನ್ನಿಸುತ್ತದೆ, ಆ ಬಿಸಿ ಗಾಳಿಗೆ ಹೋಗುತ್ತದೆ. ಒಳಮೈ ತಣಿದ ಮೇಲೆ ಪಾದದ ತೂಬು ಇನ್ನೂ ಬಿಗಿಯುತ್ತದೆ. ಸಿಗರೇಟಿನ ನಿಕೋಟಿನ್ನೂ ಅದೇ ತೂಬನ್ನು ಬಿಗಿಯುವಂಥದ್ದು.

ಮೊದಮೊದಲು ರೋಗಿಗೆ ನೋವೇ ಇರುವುದಿಲ್ಲ. ಕಾಲು ಬಿಳುಪು, ಜೋಮು, ಹತ್ತಿಯ ಮೇಲೆ ನಡೆದಂತೆ. ಬೂಟು ಬಿಚ್ಚಿ ಬೆಚ್ಚಗಾದಾಗ ರಕ್ತ ನುಗ್ಗುತ್ತದೆ. ಸೋರುವ ನಾಳಗಳಿಂದ ಪಾದ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಚೀರುವಂತಾಗುತ್ತದೆ. ಇನ್ನೂ ಜೋಮು ಹಿಡಿದಿರುವ ಕಾಲನ್ನು ಬೆಂಕಿಗೆ ಹಿಡಿದರಂತೂ ಅನಾಹುತ. ಅಂಗಾಂಶದ ಆಮ್ಲಜನಕದ ಬೇಡಿಕೆ ಏರುತ್ತದೆ, ಪೂರೈಕೆ ಇಲ್ಲ, ಸುಟ್ಟರೂ ಗೊತ್ತಾಗದು. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆ ಇದನ್ನು 1807ರಲ್ಲೇ ಐಲೌ ಯುದ್ಧದ ನಂತರ ಗಮನಿಸಿದ್ದ. ದೂರುಗಳು ಬಂದದ್ದು ಕೊರೆಯುವ ಚಳಿಯಲ್ಲಲ್ಲ, ಹಿಮ ಕರಗತೊಡಗಿದ ಮೇಲೆ. ಸರಿಯಾದ ಉಪಚಾರವೆಂದರೆ ಮೈ ಬೆಚ್ಚಗೆ, ಪಾದ ತಂಪಾಗಿ, ಒಣಗಿ, ಎತ್ತರದಲ್ಲಿ. ನರ ಕೆಟ್ಟವರಿಗೆ ಆ ಮೇಲೆ ವರ್ಷಗಟ್ಟಲೆ ಚಳಿಗೆ ಕಾಲು ಉರಿಯುತ್ತಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ಚಳಿಯಿಂದ ಕಾಲು ಕೆಟ್ಟು ಆಸ್ಪತ್ರೆ ಸೇರಿದವರು 74,000ಕ್ಕೂ ಹೆಚ್ಚು. ಒಣ ಕಾಲುಚೀಲದ ಕಟ್ಟುನಿಟ್ಟು ಬಂದ ಮೇಲೆ ರೋಗದ ಪ್ರಮಾಣ ಇಳಿಯಿತು. ಆ ಪಾಠವನ್ನು ಅಮೆರಿಕನ್ನರು ಎರಡನೆಯ ಯುದ್ಧದಲ್ಲಿ ಮೊದಲಿನಿಂದ ಕಲಿಯಬೇಕಾಯಿತು. 1943ರ ಮೇನಲ್ಲಿ ಅಲಾಸ್ಕಾದ ಅಟ್ಟು ದ್ವೀಪದಲ್ಲಿ ಅವರ ಸುಮಾರು 1,200 ಮಂದಿಗೆ ಚಳಿ ಹೊಡೆಯಿತು, ಗಾಯಾಳುಗಳ ಸಂಖ್ಯೆಗೆ ಹೆಚ್ಚುಕಮ್ಮಿ ಸಮ. 1944ರ ಚಳಿಗಾಲದಲ್ಲಿ ಯುರೋಪಿನಲ್ಲಿ ಹತ್ತಾರು ಸಾವಿರ. ಅವರ ತುಕಡಿಗಳು ಬದಲಿಯಿಲ್ಲದೆ ವಾರಗಟ್ಟಲೆ ಗುಂಡಿಗಳಲ್ಲಿ ಕೂತಿದ್ದವು. ಪಕ್ಕದ ಬ್ರಿಟಿಷ್ ಬೆಟಾಲಿಯನ್‌ಗಳು ಸರದಿಯ ಮೇಲೆ ಹಿಂದಕ್ಕೆ ಹೋಗಿ ಕಾಲುಚೀಲ ಬದಲಿಸಿ ಬರುತ್ತಿದ್ದವು, ಅವುಗಳಲ್ಲಿ ಈ ರೋಗ ತೀರಾ ಕಡಿಮೆ.