‘ಯಾವ ಲೆಕ್ಕ ಸರ್?’: ಆಸ್ಪರ್ಜರ್ ಇರುವವರು ಇಂಟರ್‌ವ್ಯೂನಲ್ಲಿ ಎಡವುವುದು ಯಾಕೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ರೈಟರ್ ಬೇಕಾಗಿತ್ತು. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ದಾಸ್ತಾನು, ಕೊಯ್ಲಿನ ತೂಕ, ಎಲ್ಲವನ್ನೂ ಬರೆದಿಡುವ ಕೆಲಸ. ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಹೋದ. ತೋಟದ ಸಾಹುಕಾರರು ಕೂರಿಸಿ ಕೇಳಿದರು, “ಲೆಕ್ಕ ಬರುತ್ತೇನಪ್ಪ?”

“ಯಾವ ಲೆಕ್ಕ ಸರ್?”

“ಯಾವ ಲೆಕ್ಕ ಅಂದ್ರೆ? ಲೆಕ್ಕ ಕಣಯ್ಯ, ಲೆಕ್ಕ.”

“ಬಡ್ಡಿ ಲೆಕ್ಕ ಬರುತ್ತೆ. ಟ್ಯಾಲಿಯಲ್ಲಿ ಎಂಟ್ರಿ ಮಾಡೋದು ಬರುತ್ತೆ, ಜಿಎಸ್‌ಟಿ ರಿಟರ್ನ್ ಹಾಕೋದು ಬರಲ್ಲ. ಪಿಯುಸಿಯಲ್ಲಿ ಸ್ಟಾಟಿಸ್ಟಿಕ್ಸ್ ಇತ್ತು, ಅರ್ಧ ಮರೆತಿದೆ.”

ಇಷ್ಟನ್ನೂ ಅವನು ಹೇಳಿದ್ದು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು. ಸಾಹುಕಾರರಿಗೆ ಇದು ಅಧಿಕಪ್ರಸಂಗ ಅನ್ನಿಸಿತು. ಹೇಳಿ ಕಳಿಸ್ತೀವಿ ಅಂದರು. ಹೇಳಿ ಕಳಿಸಲಿಲ್ಲ.

ಇದನ್ನು ನನಗೆ ಹೇಳಿದ್ದು ಅವನ ಅಕ್ಕ. ಹುಡುಗನಿಗೆ ಆಸ್ಪರ್ಜರ್, ಅಂದರೆ ಆಟಿಸಂನ ಒಂದು ಬಗೆ, ಇದೆ ಎಂದು ಡಾಕ್ಟರು ಹೇಳಿದ್ದಾರೆ. ಅವನ ಉತ್ತರವನ್ನು ಇನ್ನೊಂದು ಸಲ ಓದಿ ನೋಡಿ. ಏನು ಬರುತ್ತೆ, ಏನು ಬರಲ್ಲ, ಎಷ್ಟು ಮರೆತಿದೆ, ಎಲ್ಲವನ್ನೂ ಬಿಡಿಸಿ ಹೇಳಿದ್ದಾನೆ. ದುಡ್ಡಿನ ಪುಸ್ತಕ ಒಪ್ಪಿಸುವುದಕ್ಕೆ ಇಂಥವನಿಗಿಂತ ನಂಬಿಕಸ್ಥ ಬೇಕಾ?

ಹಾಸನದಲ್ಲಿ ಕಾಲೇಜು ಮಕ್ಕಳನ್ನು ಇಂಟರ್‌ವ್ಯೂಗೆ ತಯಾರು ಮಾಡುವುದು ನನ್ನ ಕೆಲಸ. ಇಂಥ ಪ್ರಸಂಗಗಳು ನನ್ನ ಕಿವಿಗೆ ಬೀಳುತ್ತಲೇ ಇರುತ್ತವೆ. ಹೆಚ್ಚಿನ ಸಲ ಇವನ್ನು ನಗುವುದಕ್ಕೆ ಅಂತ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಇವುಗಳ ಹಿಂದೆ ಏನು ನಡೆಯುತ್ತದೆ ಎಂದು ವಿಜ್ಞಾನಿಗಳು ಸಾಕಷ್ಟು ಹುಡುಕಿದ್ದಾರೆ. ಅದು ಇಂಟರ್‌ವ್ಯೂ ಮಾಡುವವರಿಗೆ ತಲುಪಿಲ್ಲ ಅನ್ನುವುದೇ ನನ್ನ ಸಂಕಟ.

ಮೊದಲು ಹೆಸರಿನ ವಿಷಯ. ವಿಯೆನ್ನಾದ ಮಕ್ಕಳ ಡಾಕ್ಟರ್ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಕೆಲವು ಹುಡುಗರ ಬಗ್ಗೆ ಬರೆದರು. ಮಾತು ಚೆನ್ನಾಗಿ ಬರುವ, ಬುದ್ಧಿಗೆ ಕೊರತೆ ಇಲ್ಲದ, ಆದರೆ ಜನರ ಜೊತೆ ಬೆರೆಯಲು ಒದ್ದಾಡುವ ಹುಡುಗರು ಅವರು. 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಆ ಡಾಕ್ಟರ ಹೆಸರನ್ನೇ ಈ ಸ್ಥಿತಿಗೆ ಇಟ್ಟು ಪ್ರಚಾರಕ್ಕೆ ತಂದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು 1994ರಲ್ಲಿ ಸೇರಿತು, 2013ರಲ್ಲಿ ಹೊರಬಿತ್ತು. ಈಗ ಎಲ್ಲವೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ಬರುತ್ತವೆ. ಆ ಡಾಕ್ಟರು ನಾಜಿಗಳ ಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಮಕ್ಕಳನ್ನು ಕಳಿಸಿದ್ದ ದಾಖಲೆಗಳು 2018ರಲ್ಲಿ ಬೆಳಕಿಗೆ ಬಂದವು. ಹಾಗಾಗಿ ಆ ಹೆಸರೇ ಬೇಡ ಅನ್ನುವವರು ಇದ್ದಾರೆ. ಹಿಂದೆ ಆ ಹೆಸರಿನ ಸರ್ಟಿಫಿಕೇಟ್ ಪಡೆದವರು ಈಗಲೂ ಅದನ್ನೇ ಹೇಳಿಕೊಳ್ಳುತ್ತಾರೆ. ಅದು ಅವರಿಗೆ ಬಿಟ್ಟದ್ದು.

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು “ಕಾಫಿ ಆಯ್ತಾ?” ಅಂತ ಕೇಳುತ್ತಾರೆ. ಯಾರಿಗೂ ನಮ್ಮ ಕಾಫಿಯ ಲೆಕ್ಕ ಬೇಕಾಗಿಲ್ಲ. “ಆಯ್ತು, ನಿಮ್ಮದು?” ಅಂದರೆ ಮುಗಿಯಿತು. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಸುಮ್ನೆ ಬಂತು. ಮಾತಿನಲ್ಲಿ ಹೇಳಿದ್ದು ಒಂದು, ತಿಳಿದುಕೊಳ್ಳಬೇಕಾದ್ದು ಇನ್ನೊಂದು. ಈ ಅಂತರವನ್ನು ಕೇಳುವವರು ಹೇಗೆ ತುಂಬಿಕೊಳ್ಳುತ್ತಾರೆ ಎಂಬುದರ ಬಗ್ಗೆ ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಪ್ರಬಂಧ ಭಾಷಾವಿಜ್ಞಾನಕ್ಕೆ ಹೊಸ ದಾರಿ ಹಾಕಿತು. ಆಟಿಸಂ ಇರುವ ಅನೇಕರಿಗೆ ಈ ತುಂಬಿಕೊಳ್ಳುವ ಕೆಲಸ ತಾನಾಗಿ ಆಗುವುದಿಲ್ಲ. ಯೋಚಿಸಿ ಮಾಡಬೇಕು. ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇಂಥವೇ.

“ಈ ಕೆಲಸಾನೇ ಯಾಕೆ ಬೇಕು?” ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ, “ಮನೆಯಿಂದ ಒಂದೇ ಬಸ್ಸು. ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತಬೇಕಾಗಿಲ್ಲ” ಅಂದ. “ಇನ್ನು ಐದು ವರ್ಷಕ್ಕೆ ಎಲ್ಲಿರ್ತೀರಿ?” ಅಂದರೆ, “ಸಾಲಗಾಮೆ ರಸ್ತೆಯಲ್ಲೇ ಸರ್, ಸ್ವಂತ ಮನೆ.” ನಿಮ್ಮಲ್ಲಿರುವ ಕೊರತೆ ಏನು ಎಂಬ ಪ್ರಶ್ನೆಗೆ ಎಲ್ಲರೂ ಬಾಯಿಪಾಠ ಮಾಡಿಕೊಂಡು ಹೋಗುವ ಉತ್ತರ ಒಂದಿದೆ: ‘ನಾನು ಕೆಲಸದಲ್ಲಿ ತುಂಬಾ ಪರ್ಫೆಕ್ಟ್ ಇರಬೇಕು ಅಂತ ಹಟ ಮಾಡ್ತೀನಿ.’ ಒಬ್ಬ ಹುಡುಗಿ ಇದ್ದದ್ದು ಇದ್ದಹಾಗೆ ಹೇಳಿದಳು. “ಫೋನ್ ಬಂದ್ರೆ ಎತ್ತೋಕೆ ಭಯ. ಪಕ್ಕದಲ್ಲಿ ಇಬ್ಬರು ಮಾತಾಡ್ತಿದ್ರೆ ಒಂದು ಸಾಲೂ ಓದೋಕಾಗಲ್ಲ. ಹಿಂದಿನ ಕೆಲಸದಲ್ಲಿ ಆಫೀಸಲ್ಲೇ ಅತ್ತಿದ್ದೀನಿ.”

ನನಗೆ ಇವೆಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಎಕ್ಸೆಲ್ ಪ್ರಸಂಗ. “ಎಕ್ಸೆಲ್ ಬರುತ್ತಾ?” ಅಂದದ್ದಕ್ಕೆ ಎಕ್ಸೆಲ್ ತಾನಾಗಿ ಕೆಲಸ ಮಾಡುವಂಥ ಮ್ಯಾಕ್ರೋ ಬರೆಯಬಲ್ಲ ಹುಡುಗ “ಪೂರ್ತಿ ಬರಲ್ಲ ಸರ್” ಅಂದ. ಅಷ್ಟೇ ಅಂದು ಸುಮ್ಮನಾದ. ಅವನಾದ ಮೇಲೆ ಒಳಗೆ ಹೋದವನಿಗೆ ಕೂಡಿಸುವುದು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಅವನು “ಫಸ್ಟ್ ಕ್ಲಾಸಾಗಿ ಬರುತ್ತೆ” ಅಂದ. ಕೆಲಸ ಯಾರಿಗೆ ಸಿಕ್ಕಿತು ಎಂದು ನಿಮಗೆ ಗೊತ್ತಾಗಿರುತ್ತದೆ. ಇಲ್ಲಿ ಎಡವಿದ್ದು ಹುಡುಗನೋ, ಕೇಳಿದವರೋ? ನನ್ನ ಪ್ರಕಾರ ಕೇಳಿದವರು. ಒಂದು ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕೂರಿಸಿದ್ದರೆ ಸತ್ಯ ಗೊತ್ತಾಗುತ್ತಿತ್ತು.

ಇನ್ನು ಕಣ್ಣಿನ ವಿಷಯ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರಿಗೆ ಆತ್ಮವಿಶ್ವಾಸ ಇಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಆಟಿಸಂ ಇರುವವರಿಗೆ ಮುಖದ ಚಿತ್ರ ತೋರಿಸಿ, ಕಣ್ಣಿನ ಭಾಗವನ್ನೇ ನೋಡಬೇಕಾದ ಹಾಗೆ ಮಾಡಿ ಮೆದುಳಿನ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮುಖ ಮತ್ತು ಭಾವನೆಗಳನ್ನು ಗುರುತಿಸುವ ಮೆದುಳಿನ ಒಳಭಾಗಗಳು ಅವರಲ್ಲಿ ಅತಿಯಾಗಿ ಚುರುಕಾಗಿದ್ದವು. ಅಂದರೆ ಕಣ್ಣು ತಪ್ಪಿಸುವುದು ತಾತ್ಸಾರದಿಂದಲ್ಲ, ಅದು ಹೆಚ್ಚಾಗಿ ತಡೆಯಲಾರದ ಹಿಂಸೆಯಿಂದ. ಮತ್ತೆ, ಕಷ್ಟದ ಲೆಕ್ಕ ಕೊಟ್ಟರೆ ಯಾರಾದರೂ ಸೂರು ನೋಡುತ್ತಾರೆ, ಅಲ್ವಾ? ಯೋಚನೆಗೆ ಅದು ಅನುಕೂಲ. ನಮ್ಮ ಹಳ್ಳಿಗಳಲ್ಲಂತೂ ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ ಆಗಿತ್ತು. ಆಲೂರು, ಬೇಲೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಹಾಗೇ. ಕಣ್ಣಿಗೆ ಕಣ್ಣಿಡುವ ನಿಯಮ ಇಂಟರ್‌ವ್ಯೂ ಕೋಣೆಗೆ ಬಂದದ್ದು ಮೊನ್ನೆ ಮೊನ್ನೆ.

ಆ ಕೋಣೆಯೂ ಒಂದು ತೊಂದರೆಯೇ. ಮಿನುಗುವ ಟ್ಯೂಬ್‌ಲೈಟು, ಕಿರ್ರೆನ್ನುವ ಫ್ಯಾನು, ಹೊರಗೆ ಬಿ.ಎಂ. ರಸ್ತೆಯ ಹಾರನ್ನು. ಬೇರೆಯವರ ಮೆದುಳು ಇದನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ. ಆಟಿಸಂ ಇರುವ ಅನೇಕರಿಗೆ ಎಲ್ಲವೂ ಒಂದೇ ಜೋರಿನಲ್ಲಿ ಕೇಳುತ್ತದೆ. ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಅಧಿಕೃತವಾಗಿ ಸೇರಿಸಿದ್ದು 2013ರಲ್ಲಿ.

ನೆನಪಿನ ಸಂಗತಿ ಇನ್ನೂ ಮುಖ್ಯವಾದದ್ದು. “ಎಲ್ಲರ ಜೊತೆ ಸೇರಿ ಮಾಡಿದ ಒಂದು ಕೆಲಸದ ಬಗ್ಗೆ ಹೇಳಿ” ಎಂಬ ಪ್ರಶ್ನೆ ಸುಲಭ ಅನ್ನಿಸುತ್ತದೆ. ಇದಕ್ಕೆ ಉತ್ತರ ಕೊಡಬೇಕಾದರೆ ಸಾವಿರ ನೆನಪುಗಳಲ್ಲಿ ಒಂದನ್ನು ಆರಿಸಬೇಕು, ಎಲ್ಲಿಂದ ಶುರು ಮಾಡಬೇಕು ನೋಡಬೇಕು, ಎದುರಿಗಿರುವವರಿಗೆ ಎಷ್ಟು ಬೇಕು ಅಂತ ಅಂದಾಜು ಮಾಡಬೇಕು. ಎಲ್ಲವೂ ನಾಲ್ಕೈದು ಸೆಕೆಂಡಿನಲ್ಲಿ. ಇಂಥ ಹರವಾದ ಪ್ರಶ್ನೆ ಬಂದಾಗ ತನ್ನ ಬದುಕಿನ ಒಂದು ನಿರ್ದಿಷ್ಟ ಘಟನೆಯನ್ನು ಹೆಕ್ಕಿ ತೆಗೆಯುವುದು ಆಟಿಸಂ ಇರುವವರಿಗೆ ಕಷ್ಟ. ಸುಳಿವು ಕೊಟ್ಟು ಕೇಳಿದರೆ ನೆನಪು ಚೆನ್ನಾಗಿಯೇ ಬರುತ್ತದೆ. ಹಾಗಾಗಿ ಕೆಲವರು ಒಂದೇ ಮಾತು ಹೇಳಿ ನಿಲ್ಲಿಸುತ್ತಾರೆ. ಇನ್ನು ಕೆಲವರು ನಿಲ್ಲಿಸುವುದೇ ಇಲ್ಲ. ಚಿಕ್ಕಮಗಳೂರಿನಲ್ಲಿ ನರ್ಸರಿ ಕೆಲಸಕ್ಕೆ ಹೋದ ಒಬ್ಬ ಯುವಕ ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳದ ಬಗ್ಗೆ ಶುರು ಮಾಡಿ, ಅದು ಅರೇಬಿಕಾ ಕಾಫಿಯನ್ನೇ ಯಾಕೆ ಹಿಡಿಯುತ್ತೆ, ರೋಬಸ್ಟಾ ಹೇಗೆ ತಪ್ಪಿಸಿಕೊಳ್ಳುತ್ತೆ, ನೆರಳು ಕಮ್ಮಿಯಾದರೆ ಕಾಟ ಯಾಕೆ ಜಾಸ್ತಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಏನು ಹೇಳುತ್ತಾರೆ ಎಂದು ಹೇಳುತ್ತಲೇ ಹೋದನಂತೆ. ಎದುರಿಗಿದ್ದವರು ಗಡಿಯಾರ ನೋಡಿದ್ದು ಅವನಿಗೆ ಕಂಡಿತು. ಅದರ ಅರ್ಥ ಹೊಳೆಯಲಿಲ್ಲ. “ಇಷ್ಟು ಸಾಕಪ್ಪ, ಮುಂದಿನದು ಕೇಳ್ತೀವಿ” ಅಂದಿದ್ದರೆ ಅವನಿಗೆ ಬೇಜಾರೂ ಆಗುತ್ತಿರಲಿಲ್ಲ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕೇಟಿ ಮರಾಸ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಆಟಿಸಂ ಇರುವವರಿಗೂ ಇಲ್ಲದವರಿಗೂ ಅಣಕು ಇಂಟರ್‌ವ್ಯೂ ಮಾಡಿದರು. ಆಮೇಲೆ ಅವರ ಅನುಭವ ಕೇಳಿ ಪ್ರಶ್ನೆಗಳನ್ನು ಬದಲಿಸಿ, ಏನು ಬೇಕು ಎಂಬುದನ್ನು ಬಿಡಿಸಿ ಕೇಳಿದರು. ಎರಡೂ ಗುಂಪಿನ ಉತ್ತರಗಳು ಸುಧಾರಿಸಿದವು. ಜನ ಅವರೇ. ಬದಲಾದದ್ದು ಪ್ರಶ್ನೆ.

ನನ್ನನ್ನು ಬಹಳ ಕಾಡಿದ ಅಧ್ಯಯನ ಇನ್ನೊಂದು. ಅಮೆರಿಕದ ನೋವಾ ಸ್ಯಾಸನ್ ತಂಡ 2017ರಲ್ಲಿ ಪ್ರಕಟಿಸಿದ್ದು. ಆಟಿಸಂ ಇರುವವರು ಮತ್ತು ಇಲ್ಲದವರು ತಮ್ಮನ್ನು ಪರಿಚಯಿಸಿಕೊಳ್ಳುವ ಚಿಕ್ಕ ಚಿಕ್ಕ ತುಣುಕುಗಳನ್ನು ಬೇರೆಯವರಿಗೆ ತೋರಿಸಿದರು. ಕೆಲವರಿಗೆ ವಿಡಿಯೋ, ಕೆಲವರಿಗೆ ಬರೀ ಧ್ವನಿ, ಕೆಲವರಿಗೆ ಬರೀ ಫೋಟೋ, ಕೆಲವರಿಗೆ ಆಡಿದ ಮಾತಿನ ಬರಹ ಮಾತ್ರ. ನೋಡಿದವರು, ಕೇಳಿದವರು ಕೆಲವೇ ಸೆಕೆಂಡಿನಲ್ಲಿ ಆಟಿಸಂ ಇರುವವರನ್ನು ಕೆಳಗಿಟ್ಟರು. ಇವರ ಪಕ್ಕ ಕೂರಲು, ಇವರ ಜೊತೆ ಮಾತಾಡಲು ಅಷ್ಟು ಇಷ್ಟವಿಲ್ಲ ಅಂದರು. ಬರಹ ಓದಿದವರಲ್ಲಿ ಮಾತ್ರ ಆ ವ್ಯತ್ಯಾಸ ಇರಲಿಲ್ಲ. ಹೇಳಿದ ವಿಷಯದಲ್ಲಿ ಏನೂ ಕೊರತೆ ಇರಲಿಲ್ಲ, ನೋಡಿ. ಧ್ವನಿಯ ಏರಿಳಿತ, ಕೈ, ಮುಖ, ಕೂತ ರೀತಿ, ಇವೇ ತೀರ್ಪು ಬರೆದುಬಿಟ್ಟವು.

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗಲ್ಲ ಎಂದು ದಶಕಗಟ್ಟಲೆ ಹೇಳುತ್ತಾ ಬಂದೆವು. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಂಶೋಧಕ, 2012ರಲ್ಲಿ ಇದಕ್ಕೆ ಸರಿಯಾದ ಪ್ರಶ್ನೆ ಎತ್ತಿದರು. ನಿಮಗೆ ನಮ್ಮ ಮನಸ್ಸು ಅರ್ಥವಾಗುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯದು ಎಂಬುದು ಅವರ ವಾದ. ಎಡಿನ್‌ಬರೋದಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ 8 ಜನರ ಸಾಲು ಮಾಡಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಿತು. ಆಟಿಸಂ ಇರುವವರೇ ತುಂಬಿದ ಸಾಲಿನಲ್ಲಿ ಕಥೆ, ಆಟಿಸಂ ಇಲ್ಲದವರ ಸಾಲಿನಲ್ಲಿ ಉಳಿದಷ್ಟೇ ಉಳಿಯಿತು, ಇಬ್ಬರೂ ಬೆರೆತ ಬೆರಕೆ ಸಾಲಿನಲ್ಲಿ ಹೆಚ್ಚು ಕಳೆದುಹೋಯಿತು. ಇದು 2020ರ ಫಲಿತಾಂಶ. ಇನ್ನೂ ಜಾಸ್ತಿ ಜನರನ್ನಿಟ್ಟು ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ ಬೆರಕೆ ಸಾಲೂ ಹಿಂದೆ ಬೀಳಲಿಲ್ಲ. ಆಟಿಸಂ ಇರುವವರಿಗೆ ವಿಷಯ ದಾಟಿಸಲು ಬರುವುದಿಲ್ಲ ಎಂಬ ಹಳೆಯ ನಂಬಿಕೆಗೆ ಎರಡು ಸಲವೂ ಆಧಾರ ಸಿಗಲಿಲ್ಲ.

“ಹೋಗಲಿ, ಇಂಟರ್‌ವ್ಯೂ ಬಿಟ್ಟು ಒಳ್ಳೆಯವರನ್ನು ಆರಿಸೋದು ಹೇಗೆ?” ಎಂದು ಕಂಪನಿಯವರು ಕೇಳುತ್ತಾರೆ. ಇಂಟರ್‌ವ್ಯೂನಲ್ಲಿ ಬಂದ ಅಂಕಕ್ಕೂ ಆಮೇಲೆ ಮಾಡಿದ ಕೆಲಸಕ್ಕೂ ಎಷ್ಟು ನಂಟು ಎಂಬುದನ್ನು ಸಂಶೋಧಕರು 0ಯಿಂದ 1ರವರೆಗೆ ಅಳೆಯುತ್ತಾರೆ. 0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು. ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2022ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗೆ 0.19. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಗೊತ್ತು ಮಾಡಿದ ಅಂಕ ಇಟ್ಟುಕೊಂಡು ಮಾಡುವ ಇಂಟರ್‌ವ್ಯೂಗೆ 0.42. ಕೆಲಸ ಮಾಡಿಸಿ ನೋಡುವುದಕ್ಕೆ 0.33. ಸುಮ್ನೆ ಮಾತಾಡಿಸಿ ‘ನೋಡಿದ ಕೂಡಲೇ ಗೊತ್ತಾಗುತ್ತೆ’ ಅನ್ನುವವರಿಗೆ ನಿಜಕ್ಕೂ ಗೊತ್ತಾಗುವುದು ಬಹಳ ಕಮ್ಮಿ. ಇದರಿಂದ ಆಟಿಸಂ ಇರುವವರಿಗೆ ಮಾತ್ರ ಅನ್ಯಾಯವಲ್ಲ, ಕಂಪನಿಗೂ ನಷ್ಟ.

ಮಾಡಿ ತೋರಿಸಿದವರೂ ಇದ್ದಾರೆ. ಡೆನ್ಮಾರ್ಕಿನಲ್ಲಿ ಥೋರ್ಕಿಲ್ ಸೋನ್ ತನ್ನ ಮಗನಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ 2004ರಲ್ಲಿ ಸ್ಪೆಷಲಿಸ್ಟೆರ್ನೆ ಎಂಬ ಕಂಪನಿ ಕಟ್ಟಿದರು. ಬಂದವರಿಗೆ ಪ್ರಶ್ನೆ ಕೇಳುವ ಬದಲು ಲೆಗೋ ರೋಬಾಟ್ ಕೊಟ್ಟು ಏನು ಮಾಡುತ್ತಾರೆ ಎಂದು ನೋಡಿದರು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಇಂಥದೇ ಕಾರ್ಯಕ್ರಮ ಘೋಷಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ಒಂದು ಬೆಂಗಳೂರಿನದು. ಇಲ್ಲಿ ಒಂದು ಎಚ್ಚರದ ಮಾತು. ಆಟಿಸಂ ಅಂದ ಕೂಡಲೇ ಕಂಪ್ಯೂಟರ್ ಮೇಧಾವಿ ಅಂದುಕೊಳ್ಳುವುದೂ ತಪ್ಪೇ. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕರಿ ಬೀಜ ಆರಿಸುವವರು, ಬೇಕರಿಯಲ್ಲಿ ಹಿಟ್ಟು ಕಲಸುವವರು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವರು, ಎಲ್ಲರಿಗೂ ಕೆಲಸ ಬೇಕು.

ಹಾಗಂತ ಎಲ್ಲ ಬದಲಾಗುವವರೆಗೆ ನಮ್ಮ ಮಕ್ಕಳು ಕಾಯುತ್ತಾ ಕೂರುವ ಹಾಗಿಲ್ಲ. ನಗು, ಕೈಕುಲುಕು, ಕಣ್ಣೋಟ ಎಲ್ಲ ಕಲಿಸಿ ಕಳಿಸುತ್ತೇವೆ. ಅವರು ಕಲಿಯುತ್ತಾರೆ ಕೂಡ. ಮಾತ್ರ, ದಿನವಿಡೀ ಹೀಗೆ ನಟಿಸುವುದು ಮೈಮನಸ್ಸನ್ನು ಹಿಂಡಿಬಿಡುತ್ತದೆ ಎಂದು ಆಟಿಸಂ ಇರುವ ದೊಡ್ಡವರು ಮತ್ತೆ ಮತ್ತೆ ಹೇಳಿದ್ದಾರೆ. ಆತಂಕ, ಖಿನ್ನತೆಗೂ ಇದಕ್ಕೂ ನಂಟು ಕಂಡಿದೆ. ಹೆಣ್ಣುಮಕ್ಕಳು ಇದನ್ನು ಇನ್ನೂ ಚೆನ್ನಾಗಿ ಮಾಡುವುದರಿಂದ ಎಷ್ಟೋ ಜನರಿಗೆ ಮೂವತ್ತು ದಾಟುವವರೆಗೆ ಯಾಕೆ ಹೀಗೆ ಅಂತಲೇ ಗೊತ್ತಾಗುವುದಿಲ್ಲ. ನಾನು ಈಗ ನಟನೆ ಕಡಿಮೆ ಕಲಿಸುತ್ತೇನೆ. ಮಾಡಿದ ಕೆಲಸದ ಫೈಲ್ ಹಿಡಿದುಕೊಂಡು ಹೋಗಿ ಎನ್ನುತ್ತೇನೆ. ಇಂಟರ್‌ವ್ಯೂಗೆ ಮೊದಲು ಹೀಗೊಂದು ಇಮೇಲ್ ಬರೆಸುತ್ತೇನೆ: “ನನಗೆ ಆಟಿಸಂ ಇದೆ. ಪ್ರಶ್ನೆಗಳನ್ನು ಹಿಂದಿನ ದಿನ ಬರೆದು ಕಳಿಸಿದರೆ ಅನುಕೂಲ. ಉತ್ತರ ಉದ್ದವಾದರೆ ನಿಲ್ಲಿಸಿ, ಬೇಸರವಿಲ್ಲ. ಯೋಚಿಸುವಾಗ ಬೇರೆ ಕಡೆ ನೋಡುತ್ತೇನೆ.”

ಆಟಿಸಂ ಇದೆ ಎಂದು ಹೇಳಬೇಕೋ ಬೇಡವೋ ಅನ್ನುವುದು ಪ್ರತಿ ಮನೆಯ ಜಗಳ. ಅಪ್ಪ ಅಮ್ಮ ಬೇಡ ಅನ್ನುತ್ತಾರೆ, ನಾಳೆ ಮದುವೆಗೆ ತೊಂದರೆ ಆಗುತ್ತೆ ಅಂತ. ಆ ಭಯ ಸುಳ್ಳಲ್ಲ. ಆದರೆ ಸ್ಯಾಸನ್ ಅವರದೇ 2019ರ ಅಧ್ಯಯನದಲ್ಲಿ, ಎದುರಿಗಿರುವವರಿಗೆ ಆಟಿಸಂ ಇದೆ ಎಂದು ನೋಡುವವರಿಗೆ ತಿಳಿಸಿದಾಗ ಮೊದಲ ಅಭಿಪ್ರಾಯ ಉತ್ತಮವಾಯಿತು. ಆಟಿಸಂ ಬಗ್ಗೆ ತಿಳಿದವರಲ್ಲಿ ಇನ್ನೂ ಉತ್ತಮವಾಯಿತು.

ಕಾನೂನು ಕೂಡ ಜೊತೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರಿ ಕೆಲಸದ 4% ಮೀಸಲಾತಿಯಲ್ಲಿ 1% ಭಾಗವನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರು ಹಂಚಿಕೊಳ್ಳಬೇಕು. ಅದಕ್ಕೆ ಅಂಗವೈಕಲ್ಯ ಕನಿಷ್ಠ 40% ಇದೆ ಎಂಬ ಸರ್ಟಿಫಿಕೇಟ್ ಬೇಕು. ಆಸ್ಪರ್ಜರ್ ಎನ್ನಿಸಿಕೊಂಡ ಎಷ್ಟೋ ಜನ ಆ ಗೆರೆಯ ಕೆಳಗೇ ಉಳಿಯುತ್ತಾರೆ. ಅಂಥವರಿಗೂ ತಕ್ಕ ಅನುಕೂಲ ಕೇಳುವ ಹಕ್ಕಿದೆ. ಬರೆಯಲು ಕೈ ಸಹಕರಿಸದ ಒಬ್ಬ ಅಭ್ಯರ್ಥಿ ಯುಪಿಎಸ್‌ಸಿ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 40% ಇಲ್ಲದಿದ್ದರೂ ಅನುಕೂಲ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಇನ್ನು 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಗಳು ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದು 2017ರ ನಿಯಮ ಹೇಳುತ್ತದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ 20 ಜನ ದಾಟಿದ ಜಾಗಗಳು ಬೇಕಾದಷ್ಟಿವೆ. ಮಗನಿಗೋ ಮಗಳಿಗೋ ಇಂಟರ್‌ವ್ಯೂ ಕಾರ್ಡ್ ಬಂದರೆ, ಆ ನೀತಿಯ ಪ್ರತಿ ಕೊಡಿ ಎಂದು ಅದೇ ವಿಳಾಸಕ್ಕೆ ಮೊದಲು ಕೇಳಿ.