ಪದ ಪರಿಚಯ: ಬಿಗ್ ಕರ್ನಲ್ ಲಾಕ್

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಹಳೆಯ ಡ್ರೈವರ್‌ಗಳ, ಅಂದರೆ ಯಂತ್ರಾಂಶವನ್ನು ನಡೆಸುವ ತುಣುಕುಗಳ, ಕೋಡ್ ತೆರೆದರೆ ‘ಲಾಕ್_ಕರ್ನಲ್’ ಮತ್ತು ‘ಅನ್‌ಲಾಕ್_ಕರ್ನಲ್’ ಎಂಬ ಜೋಡಿ ಕರೆಗಳು ಕಣ್ಣಿಗೆ ಬೀಳುತ್ತವೆ. ಇವು ಹಿಡಿದು ಬಿಡುತ್ತಿದ್ದ ಬೀಗವೇ ಬಿಗ್ ಕರ್ನಲ್ ಲಾಕ್, ಚಿಕ್ಕದಾಗಿ ಬಿಕೆಎಲ್. 1996ರಲ್ಲಿ 2.0 ಆವೃತ್ತಿಯೊಂದಿಗೆ ಲಿನಕ್ಸ್ ಹಲವು ಪ್ರೊಸೆಸರ್‌ಗಳ ಯಂತ್ರಗಳಿಗೆ ಬಂದಾಗ, ಒಂಟಿ ಪ್ರೊಸೆಸರ್‌ಗೆಂದು ಬರೆದಿದ್ದ ಕೋಡನ್ನೆಲ್ಲ ಒಮ್ಮೆಗೇ ತಿದ್ದುವುದು ಆಗದ ಮಾತಾಗಿದ್ದರಿಂದ, ಒಂದು ಸಲಕ್ಕೆ ಒಂದೇ ಪ್ರೊಸೆಸರ್ ಒಳಗಿರುವಂತೆ ಇಡೀ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಒಂದೇ ಬೀಗ ಹಾಕಲಾಯಿತು. ಮುಂದೆ ಮುಖ್ಯ ಭಾಗಗಳು ತಮ್ಮತಮ್ಮ ಬೀಗ ಮಾಡಿಕೊಂಡವು, ಡ್ರೈವರ್‌ಗಳು ಹಿಂದುಳಿದವು.

2006ರಲ್ಲಿ, 2.6.16 ಆವೃತ್ತಿಯಲ್ಲಿ, ಮ್ಯೂಟೆಕ್ಸ್ ಎಂಬ ಹೊಸ ಬಗೆಯ ಬೀಗ ಬಂದ ಮೇಲೆ ಹಳೆಯ ಕರೆಯ ಜಾಗದಲ್ಲಿ ಹೊಸದನ್ನು ಬರೆದರಾಯಿತು ಎಂದು ತೋರಬಹುದು. ಹಾಗಲ್ಲ, ಏಕೆಂದರೆ ಬಿಕೆಎಲ್‌ಗೆ ಎರಡು ವಿಚಿತ್ರ ಗುಣಗಳಿದ್ದವು. ಅದನ್ನು ಹಿಡಿದ ಪ್ರೊಸೆಸ್ಸೇ ಮತ್ತೊಮ್ಮೆ ಹಿಡಿದರೂ ತೊಂದರೆಯಿರಲಿಲ್ಲ. ಹಿಡಿದವನು ನಿದ್ರೆಗೆ ಜಾರಿದರೆ ಬೀಗ ತಾನಾಗಿ ಬಿಟ್ಟುಕೊಂಡು, ಎಚ್ಚರವಾದಾಗ ಮತ್ತೆ ಹಿಡಿಯಲ್ಪಡುತ್ತಿತ್ತು. ಮ್ಯೂಟೆಕ್ಸ್‌ನಲ್ಲಿ ಈ ಎರಡೂ ಇಲ್ಲ. ಒಂದು ಡ್ರೈವರ್‌ನ ರೀಡ್ ಫಂಕ್ಷನ್ ಬೀಗ ಹಿಡಿದು ಡೇಟಾ ಬರಲೆಂದು ಮಲಗಿದೆ, ಆ ಡೇಟಾ ತುಂಬಬೇಕಾದ ರೈಟ್ ಫಂಕ್ಷನ್‌ಗೂ ಅದೇ ಬೀಗ ಬೇಕು ಎಂದುಕೊಳ್ಳಿ: ಬಿಕೆಎಲ್ ಇದ್ದಾಗ ಕೆಲಸ ಸಾಗುತ್ತಿತ್ತು, ಮ್ಯೂಟೆಕ್ಸ್ ಹಾಕಿದೊಡನೆ ಎರಡೂ ಒಂದಕ್ಕೊಂದು ಕಾಯುತ್ತ ಕೂರುತ್ತವೆ.

ಆದ್ದರಿಂದ ಬೀಗವನ್ನು ಕಿತ್ತುಹಾಕುವ ಮೊದಲು ಅದನ್ನು ಕೆಳಗಿಳಿಸುತ್ತಿದ್ದರು. ಇದಕ್ಕೆ ‘ಪುಶ್‌ಡೌನ್’ ಎಂದು ಹೆಸರು. ಡ್ರೈವರ್‌ಗೆ ಆದೇಶ ಕೊಡುವ ‘ಐಆಕ್ಟಲ್’ ಎಂಬ ಕರೆಗೆ ಮುನ್ನ ಕರ್ನಲ್ಲೇ ಬೀಗ ಹಿಡಿಯುತ್ತಿತ್ತು. 2.6.11ರಲ್ಲಿ ಬಂದ ‘ಅನ್‌ಲಾಕ್ಡ್_ಐಆಕ್ಟಲ್’ ಆ ಹೊಣೆಯನ್ನು ಡ್ರೈವರ್‌ಗೆ ಒಪ್ಪಿಸಿತು. ಬೀಗ ಡ್ರೈವರ್‌ನೊಳಗೆ ಇಳಿದ ಮೇಲೆ, ಅದು ಯಾವ ಡೇಟಾವನ್ನು ಕಾಯುತ್ತಿದೆ ಎಂದು ಒಂದೊಂದಾಗಿ ಪರಿಶೀಲಿಸುವುದು ಸಾಧ್ಯವಾಯಿತು. ಕರ್ನಲ್ಲೇ ಬೀಗ ಹಿಡಿಯುತ್ತಿದ್ದ ಹಳೆಯ ಐಆಕ್ಟಲ್ 2010ರಲ್ಲಿ 2.6.36ರೊಂದಿಗೆ ಹೋಯಿತು, ಕೊನೆಯ ಹಂತದ ಕೆಲಸವನ್ನು ಆರ್ನ್ಡ್ ಬರ್ಗ್‌ಮನ್ ಮುನ್ನಡೆಸಿ, 2011ರಲ್ಲಿ 2.6.39ರಿಂದ ಬಿಕೆಎಲ್ಲನ್ನೇ ತೆಗೆಯಲಾಯಿತು.

ಆದರೆ ಎಲ್ಲ ಡ್ರೈವರ್‌ಗೂ ಅಂಥ ಪರಿಶೀಲನೆಯ ಭಾಗ್ಯ ಸಿಗಲಿಲ್ಲ. ಕೇಳುವವರಿಲ್ಲದ ಎಷ್ಟೋ ಡ್ರೈವರ್‌ಗಳಲ್ಲಿ ಫೈಲಿಗೊಂದು ಮ್ಯೂಟೆಕ್ಸ್ ಇಟ್ಟು ಕೈತೊಳೆದುಕೊಳ್ಳಲಾಯಿತು. ಅದು ಸೋಮಾರಿತನವಲ್ಲ, ಯಂತ್ರಾಂಶ ಕೈಯಲ್ಲಿಲ್ಲದವರು ಮಾಡಬಹುದಾಗಿದ್ದ ಎಚ್ಚರದ ಕೆಲಸವೇ ಸರಿ. ಫ್ಲಾಪಿ ಡ್ರೈವರ್‌ನಲ್ಲಿ ‘ಫ್ಲಾಪಿ_ಮ್ಯೂಟೆಕ್ಸ್’ ಎಂಬುದನ್ನು ಕಂಡು, ಇದು ಕಾಯುವುದು ಯಾವ ಡೇಟಾವನ್ನು ಎಂದು ತಲೆ ಕೆಡಿಸಿಕೊಂಡವರು, ಅದು ಬಿಕೆಎಲ್ ನಿಂತಿದ್ದ ಜಾಗದಲ್ಲಿ ಬಂದು ನಿಂತದ್ದು ಎಂದು ತಿಳಿದರೆ ಸಾಕು.