ವಾಪಸ್ ಹೋಗುತ್ತೇವೆ ಎಂದು ಬಂದವರು

ಕುಶಾಲನಗರದಲ್ಲಿ ಆಟೊ ಹತ್ತಿ "ಕ್ಯಾಂಪ್" ಅಂದರೆ ಸಾಕು. ಎಷ್ಟನೇ ಕ್ಯಾಂಪು ಅಂತ ಮಾತ್ರ ಕೇಳುತ್ತಾರೆ. ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ ಶುರು. ಕೊಪ್ಪದ ಹತ್ತಿರ ತಿರುಗಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ಊರುಗಳು. ಅಲ್ಲಿ ತಾರಸಿ ಮನೆಗಳಿವೆ, ಆಸ್ಪತ್ರೆ ಇದೆ, ಶಾಲೆಗಳಿವೆ, ಸಾವಿರಾರು ಭಿಕ್ಷುಗಳಿರುವ ಮಠಗಳಿವೆ. ಶನಿವಾರ ಭಾನುವಾರ ಗೋಲ್ಡನ್ ಟೆಂಪಲ್ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆದರೂ ಎಲ್ಲರ ಬಾಯಲ್ಲೂ ಅದು ಕ್ಯಾಂಪೇ.

ಕ್ಯಾಂಪ್ ಅಂದರೆ ಡೇರೆ ಹಾಕುವುದು. ನಾಲ್ಕು ದಿನ ಇದ್ದು ಕಿತ್ತುಕೊಂಡು ಹೋಗುವುದು. ಇಲ್ಲಿ ಮೊದಲ ಡೇರೆ ಬಿದ್ದು 60 ವರ್ಷ ದಾಟಿದೆ. ಅಲ್ಲಿ ಹುಟ್ಟಿದವರಿಗೆ ಮೊಮ್ಮಕ್ಕಳಾಗಿವೆ. ಹಳೇ ಹೆಸರು ಸುಮ್ನೆ ಉಳಿದುಕೊಂಡಿದೆ ಅಂದುಕೊಳ್ಳಬೇಡಿ. ಕಾನೂನಿನ ಕಣ್ಣಲ್ಲಿ ಅಲ್ಲಿರುವ ಬಹುಪಾಲು ಜನ ಇವತ್ತಿಗೂ ನಾಲ್ಕು ದಿನಕ್ಕೆ ಬಂದವರೇ.

ಕಥೆ 1959ರ ಮಾರ್ಚ್‌ನಿಂದ ಶುರುವಾಗುತ್ತದೆ. ಮಾರ್ಚ್ 10ರಂದು ಲ್ಹಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ಜನ ದಂಗೆ ಎದ್ದರು. ಒಂದು ವಾರ ಕಳೆದು, 17ರ ರಾತ್ರಿ ದಲೈ ಲಾಮಾ ಅರಮನೆ ಬಿಟ್ಟು ಹೊರಟರು. ಆಗ ಅವರಿಗೆ 23 ವರ್ಷ. ತಿಂಗಳ ಕೊನೆಗೆ ಭಾರತದ ಗಡಿ ದಾಟಿ ತವಾಂಗ್ ಕಡೆ ಬಂದರು. ಅವರ ಹಿಂದೆ ಸುಮಾರು 80,000 ಜನ ಬಂದರು. ರೈತರು, ದನ ಕಾಯುವವರು, ಭಿಕ್ಷುಗಳು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು.

ಇವರನ್ನು ಇಳಿಸಿದ್ದು ಅಸ್ಸಾಮಿನ ಮಿಸಾಮಾರಿಯಲ್ಲಿ, ಬಿದಿರಿನ ಶೆಡ್‌ಗಳಲ್ಲಿ. ಹಿಮದ ನಾಡಿನವರಿಗೆ ಅಸ್ಸಾಮಿನ ಬಿಸಿಲು ಹೇಗಿದ್ದಿರಬೇಕು ಊಹಿಸಿ. ಉಣ್ಣೆಯ ಬಟ್ಟೆಯಲ್ಲೇ ಬಂದಿದ್ದರು. ಕಾಯಿಲೆ ಬಿದ್ದವರಿಗೆ ಲೆಕ್ಕವಿಲ್ಲ. ಸುಮಾರು 1,500 ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಕೋಟೆ ಅದು. ಅಲ್ಲಿ ಕ್ಷಯರೋಗ ಹಬ್ಬಿ ಅನೇಕರು ತೀರಿಕೊಂಡರು. ಮಿಸಾಮಾರಿಯಲ್ಲಿದ್ದ ಉಳಿದವರನ್ನು ತಂಪು ಇರುವ ಕಡೆ ಕಳಿಸಬೇಕು ಅಂತ ಹಿಮಾಚಲ, ಸಿಕ್ಕಿಂ ಕಡೆ ರಸ್ತೆ ಕೆಲಸಕ್ಕೆ ಹಾಕಿದರು. ಬೆಟ್ಟ ಕಡಿದು ರಸ್ತೆ ಮಾಡುವ ಕೂಲಿ. ಮಕ್ಕಳು ರಸ್ತೆ ಬದಿಯ ಡೇರೆಗಳಲ್ಲೇ ಬೆಳೆಯುತ್ತಿದ್ದರು.

ಇಷ್ಟು ಜನ ಹೀಗೆ ಎಷ್ಟು ದಿನ ಇರುವುದು? ಆಗ ಎರಡು ದಾರಿ ಇದ್ದವು. ಕೆಲಸ ಸಿಕ್ಕಲ್ಲೆಲ್ಲ ಚದುರಿಸಿ ಬಿಡುವುದು ಒಂದು. ಹಾಗೆ ಮಾಡಿದರೆ ಒಂದೆರಡು ತಲೆಮಾರಿನಲ್ಲಿ ಸುತ್ತಲಿನವರ ಜೊತೆ ಬೆರೆತು ಹೋಗುತ್ತಾರೆ, ಸರ್ಕಾರಕ್ಕೂ ತಲೆನೋವಿಲ್ಲ. ಇನ್ನೊಂದು, ಒಟ್ಟಿಗೇ ಒಂದು ಕಡೆ ನೆಲೆ ಕೊಡುವುದು. 1959ರ ಏಪ್ರಿಲ್‌ನಲ್ಲಿ ನೆಹರೂ ಮಸ್ಸೂರಿಗೆ ಹೋಗಿ ದಲೈ ಲಾಮಾ ಅವರನ್ನು ಕಂಡರು. ಟಿಬೆಟನ್ನರು ಒಟ್ಟಿಗೆ ಇರಬೇಕು, ಮಕ್ಕಳು ತಮ್ಮ ಭಾಷೆಯಲ್ಲಿ ಓದಬೇಕು ಎಂಬುದು ದಲೈ ಲಾಮಾ ಆಸೆ. ನೆಹರೂ ಒಪ್ಪಿದರು. ಪ್ರತ್ಯೇಕ ಶಾಲೆಗಳ ಖರ್ಚನ್ನು ಭಾರತ ಸರ್ಕಾರವೇ ಹೊತ್ತಿತು. 1961ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನೂ ಮಾಡಿತು. ಜಾಗಕ್ಕಾಗಿ ರಾಜ್ಯಗಳನ್ನು ಕೇಳಿತು.

ಎಲ್ಲ ರಾಜ್ಯಗಳೂ ಮುಂದೆ ಬರಲಿಲ್ಲ. ಮುಂದೆ ಬಂದವರಲ್ಲಿ ಮೊದಲ ಸಾಲಿನಲ್ಲಿ ನಿಂತದ್ದು ಆಗಿನ ಮೈಸೂರು ರಾಜ್ಯ. ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕಾಡು ಬಿಟ್ಟುಕೊಟ್ಟಿತು. ಇದಕ್ಕೆ ಟಿಬೆಟನ್ನರು ಇಂದಿಗೂ ನೆನೆಯುವ ಹೆಸರು ನಿಜಲಿಂಗಪ್ಪನವರದು. 2018ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಭೆ ಮಾಡಿದಾಗಲೂ ದಲೈ ಲಾಮಾ ನಿಜಲಿಂಗಪ್ಪನವರನ್ನೇ ನೆನೆದರು. ಇಲ್ಲೊಂದು ಸಣ್ಣ ತೊಡಕಿದೆ. ಮೊದಲ ಡೇರೆಗಳು ಬಿದ್ದ 1960ರ ಕೊನೆಯಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ ಅದಕ್ಕೆ ಮೊದಲೂ ಇದ್ದರು, 1962ರಿಂದ 68ರವರೆಗೆ ಮತ್ತೆ ಇದ್ದರು. ಬೈಲಕುಪ್ಪೆ ಕಾಲೂರಿದ್ದು, ಮುಂಡಗೋಡಿನ ಕ್ಯಾಂಪು ಶುರುವಾಗಿದ್ದು ಅವರ ಕಾಲದಲ್ಲಿ. ಜನರ ನೆನಪು ಒಬ್ಬರ ಹೆಸರಿಗೆ ಅಂಟಿಕೊಳ್ಳುತ್ತದೆ, ಅದು ಸಹಜ. ಜತ್ತಿಯವರ ಪಾಲೂ ಇತ್ತು ಎಂದು ಹೇಳಿದರೆ ನಿಜಲಿಂಗಪ್ಪನವರಿಗೇನೂ ಕಡಿಮೆಯಾಗುವುದಿಲ್ಲ ಅಲ್ವಾ?

ನೆಲ ಸಿಕ್ಕಿತು ಅಂದರೆ ಬದುಕು ಸಿಕ್ಕಿತು ಅಂತಲ್ಲ. ಮೊದಲು ಬಂದವರ ಕೈಗೆ ಸಿಕ್ಕಿದ್ದು ಡೇರೆ, ಕೊಡಲಿ, ಮತ್ತೆ ದಟ್ಟ ಕಾಡು. ಮರ ಕಡಿದು, ಬುಡ ಕಿತ್ತು, ಸುಟ್ಟು ನೆಲ ಹಸನು ಮಾಡಬೇಕು. ಆ ದಿನಗಳಲ್ಲಿ ಬಂದು ನೋಡಿದ ದಲೈ ಲಾಮಾ, ಬಿಸಿಲಿಗೂ ಬೆಂಕಿಗೂ ಕಪ್ಪಾಗಿ ಸೊರಗಿದ್ದ ತಮ್ಮ ಜನರನ್ನು ಕಂಡು ಕಳವಳಪಟ್ಟಿದ್ದನ್ನು ಹೇಳಿಕೊಂಡಿದ್ದಾರೆ. ಕಾಡು ಸುಡುವಾಗ ಹುಳುಹುಪ್ಪಟೆ ಸಾಯುತ್ತವಲ್ಲ ಎಂಬ ಸಂಕಟ ಬೇರೆ. ಬೌದ್ಧರಿಗೆ ಅದು ಸಣ್ಣ ವಿಷಯವಲ್ಲ. ಇಷ್ಟೆಲ್ಲ ಮಾಡಿ ಬೆಳೆದ ಪೈರನ್ನು ರಾತ್ರಿ ಆನೆ ಬಂದು ತುಳಿದು ಹೋಗುತ್ತಿತ್ತು. ಆನೆಯ ಕಥೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟಿಬೆಟನ್ನರು ಆನೆ ಓಡಿಸುವುದನ್ನು ಹೊಸದಾಗಿ ಕಲಿತರು.

ಹಂಚಿಕೆ ತಲೆಗೆ ಸುಮಾರು ಒಂದು ಎಕರೆ ಲೆಕ್ಕದಲ್ಲಿ ಆಯಿತು. ಊರಲ್ಲಿ ಅವರು ಬೆಳೆಯುತ್ತಿದ್ದ ಬಾರ್ಲಿ ಇಲ್ಲಿ ಬರುವುದಿಲ್ಲ. ಹೀಗಾಗಿ ರಾಗಿ, ಮುಸುಕಿನ ಜೋಳ. ಕೊನೆಗೆ ಕೈ ಹಿಡಿದಿದ್ದು ಮುಸುಕಿನ ಜೋಳವೇ. ಒಬ್ಬೊಬ್ಬರೇ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಪ್ರತಿ ಕ್ಯಾಂಪಿಗೂ ಸಹಕಾರ ಸಂಘ ಕಟ್ಟಿದರು. ಟ್ರ್ಯಾಕ್ಟರ್ ಸಂಘದ್ದು, ಬೀಜ ಗೊಬ್ಬರ ಸಂಘದ್ದು, ಹಿಟ್ಟಿನ ಗಿರಣಿಯೂ ಸಂಘದ್ದು. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತ, ಅಂದರೆ ದೇಶ ಬಿಟ್ಟು ಬಂದ ಟಿಬೆಟನ್ನರು ತಾವೇ ಕಟ್ಟಿಕೊಂಡ ಸರ್ಕಾರ, ಪ್ರತಿ ನೆಲೆಗೂ ಒಬ್ಬ ಅಧಿಕಾರಿಯನ್ನು ಕೂರಿಸಿತು. ದಿಲ್ಲಿಯಲ್ಲಿ ಆಚಾರ್ಯ ಕೃಪಲಾನಿ ಅವರ ಸಮಿತಿ ಹೊರಗಿನ ನೆರವನ್ನು ಒಟ್ಟು ಮಾಡಿ ಕಳಿಸುತ್ತಿತ್ತು. ಸ್ವಿಟ್ಜರ್ಲೆಂಡ್‌ನಿಂದಲೂ ಹಣ, ತಜ್ಞರು ಬಂದರು.

ಈ ಕೆಲಸದಲ್ಲಿ ಹುಟ್ಟಿದ ಒಂದು ಸಂಸ್ಥೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1968ರಲ್ಲಿ 'ಮೈಸೂರು ರಿಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ' ಶುರುವಾಯಿತು. ಟಿಬೆಟನ್ನರಿಗೆ ನೆಲೆ ಮಾಡಿಕೊಡುವುದೇ ಅದರ ಕೆಲಸ. ಚಿಕ್ಕದಾಗಿ ಕರೆದರೆ ಮೈರಾಡ. ಈ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಟಿಬೆಟನ್ನರ ಕೆಲಸ ಮುಗಿದ ಮೇಲೆ ಇದು ನಮ್ಮ ಹಳ್ಳಿಗಳ ಕಡೆ ತಿರುಗಿತು. 80ರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ತಂದಾಗ, ಅದರ ಹಿಂದಿದ್ದ ಅನುಭವದಲ್ಲಿ ಮೈರಾಡದ ಪಾಲು ದೊಡ್ಡದು. ಇವತ್ತು ನಿಮ್ಮೂರಿನ ಹೆಂಗಸರು ವಾರಕ್ಕೊಮ್ಮೆ ಸೇರಿ ಪುಸ್ತಕ ಬರೆಯುವ 'ಸಂಘ' ಇದೆಯಲ್ಲ, ಅದರ ವಂಶಾವಳಿ ಹುಡುಕುತ್ತಾ ಹೋದರೆ ಒಂದು ಬೇರು ಟಿಬೆಟನ್ ಕ್ಯಾಂಪಿಗೆ ಹೋಗಿ ಮುಟ್ಟುತ್ತದೆ. ನಿರಾಶ್ರಿತರಿಗೆ ಕೊಟ್ಟದ್ದರ ಲೆಕ್ಕ ಎಲ್ಲರೂ ಇಡುತ್ತಾರೆ. ಅದರಿಂದ ಬಂದದ್ದರ ಲೆಕ್ಕ ಇಡುವವರು ಕಡಿಮೆ.

ಬೈಲಕುಪ್ಪೆಯ ನಂತರ ಉಳಿದವು ಬೇಗ ಬೇಗ ಬಂದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೇ ನೆಲೆ, 70ರ ದಶಕದ ಮೊದಲರ್ಧದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ. ಒಟ್ಟು ಐದು. ಭಾರತದಲ್ಲಿ ಟಿಬೆಟನ್ನರು ಅತಿ ಹೆಚ್ಚಾಗಿ ಇರುವ ರಾಜ್ಯ ಕರ್ನಾಟಕವೇ ಆಯಿತು.

ಬಕ್ಸಾದಲ್ಲಿ ಹತ್ತು ವರ್ಷ ಕಳೆದ ಭಿಕ್ಷುಗಳೂ ಇಲ್ಲಿಗೇ ಬಂದರು. ಸೆರಾ ಮಠದವರು ಬೈಲಕುಪ್ಪೆಗೆ, ದ್ರೆಪುಂಗ್ ಮತ್ತು ಗಾದೆನ್ ಮಠದವರು ಮುಂಡಗೋಡಿಗೆ. ಲ್ಹಾಸಾ ಸುತ್ತಮುತ್ತ ನೂರಾರು ವರ್ಷ ಇದ್ದ ಮೂರು ದೊಡ್ಡ ಮಠಗಳು ಹೀಗೆ ಕನ್ನಡ ನಾಡಿನಲ್ಲಿ ಮರುಹುಟ್ಟು ಪಡೆದವು. ಸೆರಾ ಇಲ್ಲಿ ಶುರುವಾದಾಗ ಇದ್ದದ್ದು ಸುಮಾರು 300 ಜನ. ಅವರೇ ಹೊಲ ಉಳುತ್ತಿದ್ದರು, ಸಂಜೆ ತರ್ಕ ಓದುತ್ತಿದ್ದರು. ಈಗ ಆ ಮಠಗಳಿಗೆ ಲಡಾಖ್, ನೇಪಾಳ, ಭೂತಾನ್, ಅರುಣಾಚಲದಿಂದ ಹುಡುಗರು ಓದಲು ಬರುತ್ತಾರೆ. ಸುತ್ತಲಿನ ಹಳ್ಳಿಯವರು ಹೊಲದ ಕೂಲಿಗೆ, ಮಠದ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ.

ಬರೀ ಒಂದು ಎಕರೆ ಜೋಳದಲ್ಲಿ ಸಂಸಾರ ನಡೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ನಮಗೆಲ್ಲ ಗೊತ್ತಿರುವುದೇ: ಸ್ವೆಟರ್. ಕೊಯ್ಲು ಮುಗಿಸಿ ಲೂಧಿಯಾನಕ್ಕೆ ಹೋಗಿ ಸಾಲದ ಮೇಲೆ ಸರಕು ತಂದು, ಚಳಿಗಾಲ ಪೂರ್ತಿ ಊರೂರಿನ ಫುಟ್‌ಪಾತ್‌ನಲ್ಲಿ ಮಾರಾಟ. ನಮ್ಮ ಅಮ್ಮನಂಥ ಗಟ್ಟಿಗಿತ್ತಿ ಚೌಕಾಸಿ ಮಾಡಿದರೂ ಆ ಹೆಂಗಸರು ನಗುತ್ತಲೇ ಒಂದು ರೂಪಾಯಿ ಇಳಿಸುತ್ತಿರಲಿಲ್ಲ. ಅವರು ಜೋಳ ಬೆಳೆಯುವ ರೈತರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಇಲ್ಲಿಯವರೆಗೆ ಇದು ಗೆದ್ದ ಕಥೆ. ಭಾಷೆ ಉಳಿಯಿತು, ಮಠ ಉಳಿಯಿತು, ಹೊಟ್ಟೆ ತುಂಬಿತು. ಲೋಕದಲ್ಲಿ ನಿರಾಶ್ರಿತರಿಗೆ ಇಷ್ಟು ಚೆನ್ನಾಗಿ ನೆಲೆ ಸಿಕ್ಕ ಉದಾಹರಣೆ ಜಾಸ್ತಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಇಡೀ ಯೋಜನೆ ನಿಂತಿದ್ದು 'ಇವರು ಒಂದು ದಿನ ವಾಪಸ್ ಹೋಗುತ್ತಾರೆ' ಎಂಬ ನಂಬಿಕೆ ಮೇಲೆ. ಟಿಬೆಟನ್ನರೂ ಅದನ್ನೇ ನಂಬಿದ್ದರು, ಸರ್ಕಾರವೂ ಅದನ್ನೇ ಹೇಳಿತು. ಹೋಗುವವರಿಗೆ ಪೌರತ್ವ ಯಾಕೆ? ಭೂಮಿಗೆ ಪಟ್ಟಾ ಯಾಕೆ?

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಕಾನೂನಿಲ್ಲ. ಹಾಗಾಗಿ ಟಿಬೆಟನ್ನರು ಕಾಗದದಲ್ಲಿ ವಿದೇಶಿಯರು. ಕೈಯಲ್ಲಿ ಒಂದು ನೋಂದಣಿ ಪತ್ರ, ಎಲ್ಲರೂ 'ಆರ್‌ಸಿ' ಅನ್ನುತ್ತಾರೆ. ಅದನ್ನು ಆಗಾಗ ಹೊಸದು ಮಾಡಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಪುಸ್ತಕ. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಇದೇನು ಅಂತ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮನೆ ಕಟ್ಟಿದ ನೆಲ ಸರ್ಕಾರದ್ದು, ಅವರದ್ದಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಟಿಬೆಟನ್ನರದೇ ಒಂದು ಪಡೆಯನ್ನು ಭಾರತ ಕಟ್ಟಿತು. 1971ರ ಯುದ್ಧದಲ್ಲಿ ಅವರು ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿ ಪ್ರಾಣ ಕೊಟ್ಟರು. ದೇಶಕ್ಕಾಗಿ ಬಂದೂಕು ಹಿಡಿದವನು ಮನೆಗೆ ಬಂದರೆ ಮತ್ತೆ ಆರ್‌ಸಿ ನವೀಕರಣದ ಸಾಲು. ಇದನ್ನು ಹೇಗೆ ಸಮರ್ಥಿಸುವುದೋ ನನಗೆ ತಿಳಿಯುವುದಿಲ್ಲ.

ಬೇರೆ ದೇಶಗಳು ಹಿಡಿದ ದಾರಿ ಬೇರೆ. ಸ್ವಿಟ್ಜರ್ಲೆಂಡ್ 60ರ ದಶಕದಲ್ಲೇ ಸುಮಾರು ಒಂದು ಸಾವಿರ ಟಿಬೆಟನ್ನರನ್ನು ಕರೆಸಿಕೊಳ್ಳಲು ಒಪ್ಪಿತು. ರಿಕಾನ್ ಎಂಬ ಹಳ್ಳಿಯಲ್ಲಿ ಪಾತ್ರೆ ಮಾಡುವ ಕಾರ್ಖಾನೆಯೇ ಅವರಿಗೆ ಕೆಲಸ ಕೊಟ್ಟಿತು, ಪಕ್ಕದಲ್ಲೇ ಒಂದು ಮಠವೂ ಎದ್ದಿತು. ಅಮೆರಿಕ 1990ರ ಕಾನೂನಿನಲ್ಲಿ ಭಾರತ, ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಕೆನಡಾದಲ್ಲಿ ಇನ್ನೊಂದು ಪದ್ಧತಿ ಇದೆ. ಅಲ್ಲಿನ ಸಾಮಾನ್ಯ ಜನರೇ ಗುಂಪು ಸೇರಿ ಒಂದು ಕುಟುಂಬದ ಮೊದಲ ವರ್ಷದ ಬಾಡಿಗೆ, ದಿನಸಿ, ಓಡಾಟ ನೋಡಿಕೊಳ್ಳುತ್ತಾರೆ. 1979ರ ಸುಮಾರಿಗೆ ವಿಯೆಟ್ನಾಂ ಕಡೆಯಿಂದ ದೋಣಿಯಲ್ಲಿ ಬಂದವರಿಗಾಗಿ ಇದು ದೊಡ್ಡದಾಗಿ ಬೆಳೆಯಿತು. ಅರುಣಾಚಲದಲ್ಲಿದ್ದ 1,000 ಟಿಬೆಟನ್ನರನ್ನು ಕರೆಸಿಕೊಳ್ಳುವುದಾಗಿ 2010ರಲ್ಲಿ ಕೆನಡಾ ಹೇಳಿತು. ಅವರೂ ಹೀಗೆ ಪ್ರಾಯೋಜಕರ ಕೈ ಹಿಡಿದೇ ಹೋದರು. ಅಲ್ಲಿ ಎಕರೆಗಟ್ಟಲೆ ಭೂಮಿ ಇಲ್ಲ, ಟಿಬೆಟನ್ ಭಾಷೆಯ ಸರ್ಕಾರಿ ಶಾಲೆ ಇಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯಬೇಕು, ವೃದ್ಧರ ಆರೈಕೆ ಮಾಡಬೇಕು. ಆದರೆ ಕೆಲವು ವರ್ಷದಲ್ಲಿ ಪಾಸ್‌ಪೋರ್ಟ್ ಬರುತ್ತದೆ. ಮಗ ಯಾವ ಕೆಲಸಕ್ಕೆ ಅರ್ಜಿ ಹಾಕಿದರೂ ಯಾರೂ ಆರ್‌ಸಿ ಕೇಳುವುದಿಲ್ಲ.

ಒಂದು ಮಾದರಿ ಸಮುದಾಯವನ್ನು ಉಳಿಸಿತು, ಮನುಷ್ಯನನ್ನು ಅತಿಥಿಯಾಗಿಯೇ ಇಟ್ಟಿತು. ಇನ್ನೊಂದು ಮನುಷ್ಯನನ್ನು ಪ್ರಜೆ ಮಾಡಿತು, ಸಮುದಾಯವನ್ನು ಅದರ ಪಾಡಿಗೆ ಬಿಟ್ಟಿತು. ಯುವಕರು ಯಾವುದನ್ನು ಆರಿಸಿದರು ಅಂತ ಅಂಕಿಗಳೇ ಹೇಳುತ್ತವೆ. ಟಿಬೆಟನ್ ಆಡಳಿತದ 2009ರ ಎಣಿಕೆಯಲ್ಲಿ ಭಾರತದಲ್ಲಿ 94 ಸಾವಿರಕ್ಕೂ ಹೆಚ್ಚು ಟಿಬೆಟನ್ನರಿದ್ದರು. ಆಮೇಲಿನ ಸರ್ಕಾರಿ ಲೆಕ್ಕಗಳಲ್ಲಿ ಅದು 70 ಸಾವಿರದ ಆಸುಪಾಸಿಗೆ ಇಳಿದಿದೆ. 2008ರ ಪ್ರತಿಭಟನೆಗಳ ನಂತರ ಚೀನಾ ಗಡಿ ಬಿಗಿ ಮಾಡಿತು. ಟಿಬೆಟ್‌ನಿಂದ ಹೊಸಬರು ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಬರುವವರಿಲ್ಲ, ಹೋಗುವವರು ನಿಲ್ಲುತ್ತಿಲ್ಲ.

ಕಾನೂನು ಒಂದಷ್ಟು ಬದಲಾಗಿಲ್ಲ ಅಂತಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಪೌರತ್ವ ಕಾಯ್ದೆ ಹೇಳುತ್ತದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಅಂತ ದಿಲ್ಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟೂ ಅದೇ ದಾರಿಯಲ್ಲಿ ತೀರ್ಪು ಕೊಟ್ಟಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂದಿತು. ಅದೇ ವರ್ಷ ಕೇಂದ್ರ ಒಂದು ಪುನರ್ವಸತಿ ನೀತಿ ತಂದು, ಕ್ಯಾಂಪಿನ ಭೂಮಿಗೆ 20 ವರ್ಷದ ಗುತ್ತಿಗೆ ಪತ್ರ ಕೊಡಿ, ಸರ್ಕಾರಿ ಯೋಜನೆಗಳ ಲಾಭ ಸಿಗಲಿ ಅಂತ ರಾಜ್ಯಗಳಿಗೆ ಹೇಳಿತು. ಸಾಲಕ್ಕೆ, ಅಂಗಡಿ ಪರವಾನಗಿಗೆ ಪರದಾಡುತ್ತಿದ್ದವರಿಗೆ ಇದು ಸಣ್ಣದೇನಲ್ಲ.

ಪಾಸ್‌ಪೋರ್ಟಿನ ವಿಷಯದಲ್ಲಿ ಮಾತ್ರ ಒಂದು ಗಂಟು ಬಿತ್ತು. 2016ರ ಕೋರ್ಟ್ ತೀರ್ಪಿನ ನಂತರ, 2017ರಲ್ಲಿ ಸರ್ಕಾರ ಕೊಡುತ್ತೇವೆ ಅಂದಿತು. ಆದರೆ ಆರ್‌ಸಿ ಮತ್ತು ಹಳದಿ ಪುಸ್ತಕ ಒಪ್ಪಿಸಬೇಕು, ಟಿಬೆಟನ್ ಆಡಳಿತದ ಸೌಲಭ್ಯ ಬಿಡಬೇಕು, ಕ್ಯಾಂಪಿನಲ್ಲಿ ವಾಸ ಮಾಡುವಂತಿಲ್ಲ ಎಂಬ ಷರತ್ತು ಹಾಕಿತು. ಬೈಲಕುಪ್ಪೆಯಲ್ಲಿ ಹುಟ್ಟಿ, ಅಪ್ಪ ಕಡಿದ ಕಾಡಿನ ಜಾಗದಲ್ಲಿ ಮನೆ ಕಟ್ಟಿದವನು ಭಾರತೀಯನಾಗಬೇಕಾದರೆ ಬೈಲಕುಪ್ಪೆ ಬಿಡಬೇಕು! ಪೌರತ್ವ ತೆಗೆದುಕೊಂಡರೆ ಟಿಬೆಟ್ ಬಿಟ್ಟುಕೊಟ್ಟ ಹಾಗೆ ಎಂಬ ಅಳುಕು ಹಿರಿಯರಲ್ಲಿ ಮೊದಲೇ ಇತ್ತು. ಈ ಷರತ್ತು ಅದಕ್ಕೆ ಇನ್ನಷ್ಟು ತೂಕ ಕೊಟ್ಟಿತು.

ಹಾಗಾಗಿ ಅನೇಕರು ಹಳದಿ ಪುಸ್ತಕ ಹಿಡಿದೇ ಟೊರೊಂಟೊಗೋ ನ್ಯೂಯಾರ್ಕ್‌ಗೋ ಹೋಗುತ್ತಾರೆ. ಕೆಲವು ವರ್ಷ ದುಡಿದು ಅಲ್ಲಿನ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರೆ. ಲೋಸಾರ್ ಹಬ್ಬಕ್ಕೆ ಅಪ್ಪ ಅಮ್ಮನನ್ನು ನೋಡಲು ಬರುತ್ತಾರೆ. ಬೈಲಕುಪ್ಪೆ ಸಂರಕ್ಷಿತ ಪ್ರದೇಶ. ವಿದೇಶಿ ಪಾಸ್‌ಪೋರ್ಟ್ ಇರುವವರು ಅಲ್ಲಿ ರಾತ್ರಿ ತಂಗಬೇಕಾದರೆ ಗೃಹ ಇಲಾಖೆಯ ಪರವಾನಗಿ ಬೇಕು. ಬರುವುದಕ್ಕೆ ಎಷ್ಟೋ ವಾರ ಮೊದಲೇ ಅರ್ಜಿ ಹಾಕಬೇಕು. ಅದು ಕೈಗೆ ಬಂದರೆ ತಾವು ಹುಟ್ಟಿದ ಮನೆಯಲ್ಲಿ ಮಲಗಬಹುದು. ಬರದಿದ್ದರೆ ಹಗಲು ಅಮ್ಮನ ಜೊತೆ ಕೂತು ತುಕ್ಪಾ ಕುಡಿದು, ಸಂಜೆ ಸೇತುವೆ ದಾಟಿ ಕುಶಾಲನಗರದ ಲಾಡ್ಜಿಗೆ.